ಮಿಲ್ಲಿನ ಹೊಂಡದ ಬಳಿ ಜೋಗುಳ

ಓಣಿಯವರೆಲ್ಲ ಆಕೆಯನ್ನು ಮೈಕಮ್ಮ ಎಂದೇ ಕರೆಯುತ್ತಿದ್ದರು. ಬಟ್ಟೆ ಮಿಲ್ಲಿನ ಮಗ್ಗಗಳ ಸದ್ದಿನಲ್ಲಿ ಅರ್ಧ ಆಯುಷ್ಯ ಕಳೆದವಳು. ಮಿಲ್ಲು ಮುಚ್ಚುವ ಮೊದಲೇ ಆಕೆಯ ಕಿವಿ ಮುಕ್ಕಾಲು ಮುಚ್ಚಿತ್ತು. ಪಿಸುಗುಟ್ಟುತ್ತಿದ್ದೇನೆ ಅಂದುಕೊಂಡು ಆಕೆ ಆಡಿದ್ದು ಮೂರನೇ ಮನೆಗೆ ಕೇಳುತ್ತಿತ್ತು.

ಮೊಮ್ಮಗು ಹುಟ್ಟಿದ ಮೇಲೆ ಈ ದನಿಯಿಂದ ಪೇಚಾಟವಾಯಿತು. ಇದ್ದದ್ದೇ ಒಂದು ಕೋಣೆ. ಮೈಕಮ್ಮ ಮಗುವನ್ನು ತೊಡೆಗೆ ಹಾಕಿಕೊಂಡು ಜೋಗುಳ ತೆಗೆದರೆ ಅದು ಬೆಚ್ಚಿಬಿದ್ದು ಕಿರುಚಿಕೊಳ್ಳುತ್ತಿತ್ತು.

"ಅತ್ತೆ, ಇದು ಜೋಗುಳಾನೋ, ಶಿಫ್ಟ್ ಬಿಟ್ಟ ಸೈರನ್ನೋ?" ಸೊಸೆ ನಗುತ್ತಲೇ ಮಗುವನ್ನು ಎತ್ತಿಕೊಂಡಳು. ಮತ್ತೆ ಮಲಗಿಸಲು ಕೊಡಲಿಲ್ಲ.

ಮೈಕಮ್ಮನಿಗೆ ತೊಡೆ ಬರಿದಾದಂತಾಯಿತು. ಅಂದು ಸಂಜೆ ಕಾಲುಗಳು ಹಳೇ ಅಭ್ಯಾಸದಿಂದ ಮಿಲ್ಲಿನ ಕಡೆಗೇ ನಡೆದವು. ಶೆಡ್ಡುಗಳನ್ನು ಕೆಡವಿ, ಗಿಡ ನೆಟ್ಟು, ಗೇಟು ಕಿತ್ತುಹಾಕಿದ್ದರು. ಮಗ್ಗ ನಿಲ್ಲಿಸಿದ್ದ ಸಿಮೆಂಟು ನೆಲ ಬಿರುಕುಬಿಟ್ಟು ಹುಲ್ಲು ಎದ್ದಿತ್ತು. ಬಾಯ್ಲರಿಗೆ ನೀರು ಕೊಡುತ್ತಿದ್ದ ಹೊಂಡದಲ್ಲಿ ಆಳೆತ್ತರ ಜೊಂಡು. ಒಂದು ನರಪಿಳ್ಳೆಯೂ ಇರಲಿಲ್ಲ. ದಡದಲ್ಲಿ ಕೂತು ಆಕೆ ಜೋಗುಳ ಎತ್ತಿದಳು. ಮೇಯುತ್ತಿದ್ದ ನೀರುಕೋಳಿ ಸರ್ರನೆ ಜೊಂಡಿನೊಳಗೆ ನುಗ್ಗಿತು.

ಮೈಕಮ್ಮನಿಗೆ ಹೊಳೆಯಿತು. ತನ್ನ ದನಿ ಎಷ್ಟು ಗಟ್ಟಿಯೆಂದು ಕಿವಿ ಹೇಳುವುದಿಲ್ಲ, ಈ ಹಕ್ಕಿ ಹೇಳುತ್ತದೆ.

ದಿನಾ ಸಂಜೆ ಹೋದಳು. ಹಕ್ಕಿ ಓಡಿದರೆ ಇನ್ನೂ ತಗ್ಗಿಸುವುದು. ಕಡೆಗೆ ಗಂಟಲು ಮಾತ್ರ ನಡುಗುತ್ತಿತ್ತು, ಆಕೆಗೆ ಏನೇನೂ ಕೇಳುತ್ತಿರಲಿಲ್ಲ. ಹಕ್ಕಿ ಪಕ್ಕದಲ್ಲೇ ಕೆಸರು ಕೆದಕುತ್ತಿತ್ತು. ಹಾಡು ಮುಗಿದರೂ ಏಳಲು ಮನಸ್ಸಾಗುತ್ತಿರಲಿಲ್ಲ. ಜೊಂಡಿನ ಅರಳೆ ಹಾರಿ ತಲೆಗೆ ಅಂಟಿದರೆ ಮಿಲ್ಲಿನ ಹತ್ತಿಯೆಂಬಂತೆ ಕೊಡವಿಕೊಳ್ಳುತ್ತಿದ್ದಳು. ಅಲ್ಲಿ ಯಾರೂ "ಮೆಲ್ಲಗೆ" ಅನ್ನುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಗು ರಚ್ಚೆ ಹಿಡಿದು ಸೊಸೆ ಸೋತು ಕೂತಿದ್ದಳು.

"ಕೊಡು ಇಲ್ಲಿ" ಎಂದು ಮೈಕಮ್ಮ ಕೈಚಾಚಿದಳು.

"ಬೇಡ ಅತ್ತೆ, ಇನ್ನೂ ಜಾಸ್ತಿ ಆಗತ್ತೆ."

"ಕೊಟ್ಟು ನೋಡೇ."

ಹಾಡು ಮುಗಿಯುವ ಮೊದಲೇ ಮಗುವಿನ ಮುಷ್ಟಿ ಸಡಿಲವಾಯಿತು, ರೆಪ್ಪೆ ಮುಚ್ಚಿತು. ಸೊಸೆ ಬಗ್ಗಿ ಅತ್ತೆಯ ಮುಖ ನೋಡಿದಳು. "ಸ್ವಲ್ಪ ಜೋರಾಗಿ ಹಾಡಿ ಅತ್ತೆ, ನನಗೂ ಕೇಳ್ಲಿ."

ಮಿಲ್ಲಿನಲ್ಲಿ ತುಟಿ ನೋಡಿಯೇ ಮಾತು ಓದಲು ಕಲಿತಿದ್ದ ಮೈಕಮ್ಮ ನಕ್ಕಳು. ಹಕ್ಕಿಯ ಪಾಠವನ್ನೆಲ್ಲ ಹೇಳಿದಳು, ಅದೂ ಅಷ್ಟೇ ಮೆಲ್ಲಗೆ.

"ಕಲಿತಾಯ್ತಲ್ಲ, ಇನ್ನು ಆ ಹಾಳು ಜಾಗಕ್ಕೆ ಯಾಕೆ ಹೋಗ್ತೀರಿ? ಸಂಜೆ ಹೊತ್ತು ಇವಳನ್ನ ನೀವೇ ಮಲಗಿಸಿ."

ಇಷ್ಟು ದಿನ ಬಯಸಿದ್ದೂ ಇದನ್ನೇ. ಮೈಕಮ್ಮ ಹೂಂ ಎಂದು ತಲೆಯಾಡಿಸಿದಳು. ತೊಡೆಯ ಮೇಲೆ ಮಗು ಹಿತವಾಗಿ ಭಾರವಾಗಿತ್ತು. ಬಾಗಿಲಾಚೆ ಬಿಸಿಲು ಇಳಿಯತೊಡಗಿತ್ತು. ಮಗುವಿಗೆ ಎಚ್ಚರಾಗದಂತೆ ಎದ್ದರೆ ಕತ್ತಲಾಗುವುದರೊಳಗೆ ಹೊಂಡದ ಹತ್ತಿರ ಹೋಗಿ ಬರಬಹುದೇನೋ ಎಂದು ಲೆಕ್ಕಹಾಕುತ್ತ, ಕಾಲು ಜೋಮುಹಿಡಿದರೂ ಅಲುಗಾಡದೆ ಕೂತಳು.