ಹಳದಿ ಕುಂಚ, ಹಾಗಲಕಾಯಿ ರಸ

ನನ್ನ ಚಿಕ್ಕಮ್ಮ, ನಾವು ಕರೆಯುವಂತೆ ಚಿಗವ್ವ, ಹಾಗಲಕಾಯಿ ರಸ ಕುಡಿಯುತ್ತಿದ್ದ ಆ ತಿಂಗಳುಗಳಲ್ಲೂ ಕುಂಚವನ್ನು ತುಟಿಯಲ್ಲಿ ಚೂಪು ಮಾಡುತ್ತಿದ್ದಳೇ? ಮಾಡುತ್ತಿದ್ದಳು ಎಂದೇ ನನ್ನ ನೆನಪು. ಆ ನೆನಪನ್ನು ಎಷ್ಟು ನಂಬಬೇಕೋ ತಿಳಿಯದು. ಚಿಕ್ಕಂದಿನಿಂದ ನೋಡಿದ್ದನ್ನೇ ಆ ತಿಂಗಳುಗಳಿಗೂ ಅಂಟಿಸಿಕೊಂಡಿರಬಹುದು.

ಗೋಕಾಕದಲ್ಲಿ ಅವಳ ಮನೆಯವರು ಮರದ ಹಣ್ಣು, ಕಾಯಿಪಲ್ಲೆಗಳ ಆಟಿಕೆ ಮಾಡುತ್ತಾರೆ. ಬಣ್ಣ ಚಿಗವ್ವನ ಕೆಲಸ. ಸಣ್ಣ ಗೆರೆ ಎಳೆಯುವ ಮುನ್ನ ಕುಂಚದ ತುದಿಯನ್ನು ತುಟಿಗಳ ನಡುವೆ ಎಳೆದು ಕೂದಲು ಕೂಡಿಸುವುದು ಆ ಮನೆಯ ರೂಢಿ. ಕೆಲವು ವರ್ಷಗಳ ಹಿಂದೆ ಅವಳಿಗೆ ಹೊಟ್ಟೆ ಹಿಂಡಿದಂತೆ ನೋಯತೊಡಗಿತು. ಮುಂಗೈ ಸೋತು ಲೋಟ ಜಾರುತ್ತಿತ್ತು. ರಕ್ತದಲ್ಲಿ ಸೀಸ ಸೇರಿದೆ, ಹಳದಿ ಬಣ್ಣದಿಂದ ಬಂದಿರಬೇಕು, ಕುಂಚ ಬಾಯಿಗಿಡಬೇಡಿ ಎಂದರು ವೈದ್ಯರು. ಚಿಗವ್ವ ತಲೆಯಾಡಿಸಿ ಬಂದು, ಮೂಡಲಗಿ ಹತ್ತಿರದ ಕಲ್ಲೋಳಿಯಲ್ಲಿ ಔಷಧಿ ಹೇಳುವ ಒಬ್ಬ ಅಜ್ಜಿಯನ್ನು ಕಂಡಳು. ಹಾಗಲಕಾಯಿ, ಕ್ಯಾರೆಟ್, ಕೊತ್ತಂಬರಿ ಅರೆದು ಹಿಂಡಿದ ರಸ, ದಿನಾ ಬೆಳಿಗ್ಗೆ. ಮುಂದಿನ ಪರೀಕ್ಷೆಯಲ್ಲಿ ಸೀಸ ಇಳಿದಿತ್ತು. ಕೈಗೆ ಬಲ ಬಂತು.

ನಾನು ಹುಕ್ಕೇರಿಯಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಇಂಥ ರಸಗಳು ಇಲಿಗಳನ್ನು ಸೀಸದಿಂದ ಸ್ವಲ್ಪ ಕಾಪಾಡಿದಂತೆ ಕಂಡದ್ದುಂಟು ಎಂದು ಓದಿದ್ದೇನೆ. ಆದರೆ ಇಲಿಗಳು ಬಾಳೆಹಣ್ಣಿಗೆ ಬಣ್ಣ ಹಚ್ಚುವುದಿಲ್ಲ.

ಈ ಬೇಸಿಗೆಯಲ್ಲಿ ಹೋದಾಗ ಅವಳ ಸೊಸೆ, ತುಂಬು ಬಸುರಿ, ಪಡಸಾಲೆಯಲ್ಲಿ ಬಣ್ಣ ಹಚ್ಚುತ್ತ ಕೂತಿದ್ದಳು. ಪಕ್ಕದಲ್ಲಿ ಖಾಲಿಯಾದ ರಸದ ಲೋಟ. ಬಾಯಲ್ಲಿ ಕುಂಚ.

"ಚಿಗವ್ವ, ಆಕಿಗೆ ಕುಂಚ ಬಾಯಾಗ ಇಡಬ್ಯಾಡ ಅನ್ನು."

"ರಸ ಕುಡ್ಯಾಕತ್ತಾಳಲ್ಲೋ ಮಾಸ್ತರ. ನಾ ಆರಾಮ ಆಗಲಿಲ್ಲೇನ?"

"ನೀ ಆಗ ಕುಂಚ ಬಾಯಾಗ ಇಡೂದು ಬಿಟ್ಟಿರಬೇಕು."

"ಎಲ್ಲಿ ಬಿಟ್ನಿ? ನೀನ ನೋಡಿ ಬೈದಿದ್ದಿ. ಸಾಲಿ ಕಲ್ತ ಬಾಯಿಲೆ ಈಗ ಸುಳ್ಳ ಹೇಳ್ತಿಯೇನ?"

ನನ್ನ ನೆನಪೂ ಅವಳ ಕಡೆಗೇ ಇತ್ತು. ಅದು ಸರಿಯಾದರೆ ಅವಳನ್ನು ಕಾಪಾಡಿದ್ದು ರಸ. ತಪ್ಪಾದರೆ, ಹೊಟ್ಟೆಯಲ್ಲಿರುವ ಕೂಸಿಗೆ ಸೀಸ ಹೋಗುತ್ತಿದ್ದರೂ ಇವರೆಲ್ಲ ಒಂದು ಲೋಟ ನಂಬಿ ಸುಮ್ಮನೆ ಕೂತಿದ್ದರು.

ಅಷ್ಟರಲ್ಲಿ ಸೊಸೆ ತಟ್ಟೆಯಿಂದ ಚುರಮರಿ ತೆಗೆದು ಬಾಯಿಗೆ ಹಾಕಿಕೊಂಡಳು. ಚಿಗವ್ವ ಸಿಡಿದಳು.

"ರಸ ಕುಡದು ಈಗ ಚುರಮರಿ ತಿಂತಿಯೇನ? ಹೊತ್ತು ನೆತ್ತಿಗೆ ಬರೂತನಕ ತುಟಿಗೆ ಏನೂ ತಾಗಬಾರ್ದು ಅಂದಿಲ್ಲೇನ ಅಜ್ಜಿ? ನಾ ನೀರ ಸೈತ ಮುಟ್ಟತಿರಲಿಲ್ಲ."

"ಹಸಿವು ತಡ್ಯಾಕ ಆಗೂದಿಲ್ರಿ ಅತ್ತಿ. ನನ್ನವು ಈಗ ಎರಡು ಹೊಟ್ಟಿ."

"ಚಿಗವ್ವ," ಎಂದೆ, "ನೀ ಬಣ್ಣ ಹಚ್ಚೂದು ಬೆಳಿಗ್ಗೆನ. ನೀರ ಮುಟ್ಟದಾಕಿ ಕುಂಚ ಹೆಂಗ ಬಾಯಾಗ ಇಟ್ಟಿ?"

ಅವಳು ತನ್ನ ಕೈಯನ್ನೇ ನೋಡಿಕೊಂಡಳು. "ಬಟ್ಟಿಗೆ ಒರಸಿ ಚೂಪ ಮಾಡತಿದ್ನೇನಪಾ... ಖರೆ ಹೇಳಬೇಕಂದ್ರ ನೆನಪಿಲ್ಲ."

ಆಮೇಲೆ ಅವಳೇ ಎದ್ದು ಹಳೆಯ ಬಟ್ಟೆಯೊಂದನ್ನು ನೀರಲ್ಲಿ ಅದ್ದಿ ಸೊಸೆಯ ಮೊಣಕಾಲ ಮೇಲೆ ಹಾಕಿದಳು.

"ಹಸಿವಾದ್ರ ಕೈ ತೊಳ್ಕೊಂಡು ತಿನ್ನು. ಕುಂಚ ಮಾತ್ರ ಬಾಯಾಗ ಬ್ಯಾಡ. ಇವನ ಮಾತಿಗಲ್ಲ ಮತ್ತ, ಅಜ್ಜಿ ಮಾತಿಗೆ."

ಮರುದಿನ ಸೊಸೆಯ ರಕ್ತ ಪರೀಕ್ಷೆಗೆ ಕೊಡಿಸಿ ಹುಕ್ಕೇರಿಯ ಬಸ್ಸು ಹತ್ತಿದೆ. ಫಲಿತಾಂಶ ಇನ್ನೂ ಬಂದಿಲ್ಲ. ದಾರಿಯುದ್ದಕ್ಕೂ ಸಮಾಧಾನವಿರಲಿಲ್ಲ. ಪಥ್ಯದ ಕತೆ ನನ್ನ ವಾದಕ್ಕೆ ತೀರಾ ಅನುಕೂಲವಾಗಿತ್ತು. ಅವಳ ಬಾಯಲ್ಲಿ ಆ ಬಟ್ಟೆಯ ಮಾತು ಬರುವಂತೆ ಕೇಳಿದವನು ನಾನೇ. ರಸ ಏನಾದರೂ ಮಾಡಿತೋ ಇಲ್ಲವೋ, ಅದೂ ಗೊತ್ತಿಲ್ಲ.

ಮನೆಗೆ ಬಂದು ಫೋನಿನಲ್ಲಿ ಹಳೆಯ ಫೋಟೋಗಳನ್ನು ಹುಡುಕಿದೆ. ಆ ತಿಂಗಳುಗಳಲ್ಲಿ ನಾನೇ ತೆಗೆದದ್ದು ಒಂದೇ ಒಂದು ಸಿಕ್ಕಿತು. ಪಡಸಾಲೆಯಲ್ಲಿ ಬೆಳಗಿನ ಬಿಸಿಲು, ತಳದಲ್ಲಿ ಹಸಿರು ಉಳಿದ ಲೋಟ, ಚಿಗವ್ವನ ಕೈಯಲ್ಲಿ ಮರದ ಬಾಳೆಹಣ್ಣು. ಮೊಣಕಾಲ ಮೇಲೆ ಒದ್ದೆ ಬಟ್ಟೆ ಇದೆ, ಅದರ ತುಂಬ ಹಳದಿ ಚುಕ್ಕೆಗಳಿವೆ.