ಬೆಂಕಿ ಹಚ್ಚಿದವರು ಯಾರು

ನಮ್ಮ ದೊಡ್ಡಮ್ಮನನ್ನು ಊರೆಲ್ಲ ಪೊರಕೆ ದೊಡ್ಡಮ್ಮ ಎಂದೇ ಕರೆಯುತ್ತಿತ್ತು. ಕಾಡುಕಾಯಿ ಉದುರುವ ಮೊದಲು ಮರದ ಬುಡ ಗುಡಿಸಿದವರಿಗೇ ಆ ವರ್ಷದ ಕಾಯಿ ಎಂಬುದು ನಮ್ಮಲ್ಲಿ ನಡೆದುಬಂದ ನ್ಯಾಯ. ಗುಡಿಸುವುದರಲ್ಲಿ ದೊಡ್ಡಮ್ಮನದು ಎತ್ತಿದ ಕೈ. ಎಳೆ ಸಸಿ ಕಂಡರೆ ಮಾತ್ರ ಪೊರಕೆ ಬದಿಗಿಟ್ಟು, ಸುತ್ತಲಿನ ಎಲೆಯನ್ನು ಬೆರಳಿನಿಂದ ಆಯುತ್ತಿದ್ದಳು. ಕಾಯಿಯ ತಿರುಳು ಎಣ್ಣೆಗೆ, ಚಿಪ್ಪು ಒಲೆಗೆ. ನಾವು ಉಂಡದ್ದು ಅದರಿಂದಲೇ, ಆ ಕಾಡು ಗರಗಸದವರ ಕೈಗೆ ಸಿಗದೆ ಉಳಿದದ್ದೂ ಅದರಿಂದಲೇ. ನಿಂತ ಮರ ವರ್ಷವರ್ಷ ಅನ್ನ ಕೊಡುವಾಗ ಕಡಿಯಲು ಯಾರು ಬಿಟ್ಟಾರು?

ಒಂದು ವರ್ಷ ದೊಡ್ಡಮ್ಮ ಮೆಟ್ಟಿಲು ಜಾರಿ ಕಾಲು ಮುರಿದುಕೊಂಡಳು. ಗುಡಿಸುವುದಕ್ಕೆ ಅವಳ ಸೊಸೆ ಹೋದಳು. ಗಂಡನನ್ನು ಕಳೆದುಕೊಂಡವಳು, ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು, ಯಾವಾಗಲೂ ಅವಸರ. ಗುಡಿಸುವ ಬದಲು ತರಗೆಲೆಗೆ ಕಡ್ಡಿ ಗೀರಿದಳು. ಗಾಳಿ ಎದ್ದಿತು. ದೊಡ್ಡ ಮರಗಳು ಹೇಗೋ ಬದುಕಿದವು, ಸಸಿಗಳೆಲ್ಲ ಕರಕಲಾದವು.

ಕಾಡಿಗೆ ಬೆಂಕಿ ಹಚ್ಚಿದವರು ಸಾಯುವವರೆಗೂ ಅಲ್ಲಿ ಕಾಲಿಡಬಾರದು. ಇದೂ ನಮ್ಮದೇ ಕಟ್ಟುಪಾಡು. ಕಾಡು ತಪ್ಪಿದರೆ ಆ ಮಕ್ಕಳ ಗತಿಯೇನು? ಸೊಸೆ ಅಡುಗೆಮನೆಯ ಮೂಲೆಯಲ್ಲಿ ಅಳುತ್ತ ಕೂತಿದ್ದಳು.

ಸಂಜೆ ಕಾಯಿ ಒಡೆಯುವ ಶೆಡ್ಡಿನಲ್ಲಿ ಎಲ್ಲರೂ ಸೇರಿದೆವು. ಕಾಲಡಿ ಚಿಪ್ಪು ಕರಕರ ಎನ್ನುತ್ತಿತ್ತು. ದೊಡ್ಡಮ್ಮನನ್ನು ಕುರ್ಚಿ ಸಮೇತ ಹೊತ್ತು ತಂದಿದ್ದೆವು.

"ನಾನೇ ಹಚ್ಚಿದ್ದು," ಅಂದಳು.

ಕಾಯಿ ತೂಗುವ ಹಿರಿಯ ಅವಳ ಕಾಲಿನ ಪಟ್ಟಿಯನ್ನೇ ನೋಡಿದ. "ಈ ಕಾಲಲ್ಲಿ ಹೇಗೆ ಹೋದೆ ಅಕ್ಕ?"

"ತೆವಳ್ಕೊಂಡು ಹೋದೆ. ನಿನಗೇನೀಗ?"

ಯಾರೂ ನಗಲಿಲ್ಲ. ನಿಜ ಎಲ್ಲರಿಗೂ ಗೊತ್ತಿತ್ತು. ಹಿರಿಯ ತಲೆ ತಗ್ಗಿಸಿ, "ಸರಿ, ಇನ್ಮೇಲೆ ನೀನು ಕಾಡಿಗೆ ಬರೋ ಹಾಗಿಲ್ಲ," ಅಂದ. ಹಾವೂ ಸಾಯದೆ ಕೋಲೂ ಮುರಿಯದೆ ಮುಗಿಯಿತಲ್ಲ ಎಂದು ನಾವು ಉಸಿರು ಬಿಟ್ಟೆವು. ಹೇಗೂ ನಡೆಯಲಾರದ ಮುದುಕಿ, ಅವಳಿಗೇನು ನಷ್ಟ ಎಂದುಕೊಂಡೆವು.

ಮರುವರ್ಷ ಕಾಲು ಕೂಡಿಕೊಂಡಿತು. ಕಾಯಿ ಉದುರುವ ಹೊತ್ತಿಗೆ ದೊಡ್ಡಮ್ಮ ನಮ್ಮ ಜೊತೆ ಕಾಡಿನ ಅಂಚಿನವರೆಗೂ ನಡೆದು ಬಂದು ನಿಂತುಬಿಟ್ಟಳು. ನನಗೆ ಸಿಟ್ಟೇ ಬಂತು.

"ಬಾ ದೊಡ್ಡಮ್ಮ, ಯಾರು ಕೇಳ್ತಾರೆ? ಎಲ್ಲರಿಗೂ ಗೊತ್ತು."

"ನಾನು ಒಳಗೆ ಕಾಲಿಟ್ರೆ ಹಚ್ಚಿದ್ದು ಅವಳು ಅಂತ ಆಯ್ತಲ್ಲೇ, ಹುಚ್ಚಿ," ಅಂದಳು.

ಅಲ್ಲೇ ಒಂದು ಕಲ್ಲಿನ ಮೇಲೆ ಕೂತಳು. ಸೊಸೆ ಬುಟ್ಟಿ ಹೊತ್ತು ಒಳಗೆ ಹೋದಳು. ಆಮೇಲೆ ಎಷ್ಟೋ ವರ್ಷ ಬದುಕಿದ್ದ ದೊಡ್ಡಮ್ಮ ಆ ಕಲ್ಲಿನಿಂದ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ.