ಮರದ ತುದಿಯ ಬೆಳ್ಳಿ ಡಬ್ಬಿ

ನಾನು ಮಂಗಳೂರಿನವಳು. ನವನಗರದ ಶಾಲೆಗೆ ಟೀಚರಾಗಿ ಬಂದು ಆಗ ಎರಡೇ ತಿಂಗಳು. ಕ್ರಿಸ್‌ಮಸ್ ಮರ ಸಿಂಗರಿಸಲು ಮನೆಯಲ್ಲಿ ಹೊಳೆಯುವುದೇನಿದ್ದರೂ ತನ್ನಿ ಎಂದು ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳಿದ್ದೆ. ಬಾಟಲಿ ಮುಚ್ಚಳ, ಒಡೆದ ಬಳೆ, ಹಳೇ ಸೀರೆಯ ಜರಿ ಬಂದವು. ಒಬ್ಬ ಹುಡುಗಿ ಮೊಟ್ಟೆಯಂಥ ಬೆಳ್ಳಿ ಡಬ್ಬಿ ತಂದಳು. ನಮ್ಮೂರಲ್ಲಿ ಅಂಥದ್ದು ನೋಡಿರಲಿಲ್ಲ. ಒಳಗೇನೋ ಅಲುಗಿತು. ಗೆಜ್ಜೆ ಇರಬೇಕೆಂದು ಮೇಲೆ ಚಮಕಿ ಅಂಟಿಸಿ, ರಿಬ್ಬನ್‌ನಿಂದ ಮರದ ತುದಿಗೇ ಕಟ್ಟಿದೆ.

ಮಧ್ಯಾಹ್ನ ಅವಳ ಅಜ್ಜ ಬಂದರು. ಮರ ನೋಡಿದವರೇ ಕುರ್ಚಿ ಹಿಡಿದುಕೊಂಡು ನಿಂತರು.

“ಅಕ್ಕಾರ, ಅದು ನನ್ನ ಕರಡಿಗಿ ರೀ. ಒಳಗ ನಾ ಕೊರಳಾಗ ಕಟ್ಟೂ ಇಷ್ಟಲಿಂಗ ಐತಿ. ತಗದಿಟ್ಟು ಜಳಕ ಮಾಡಿ ಬರೂದ್ರಾಗ ಕೂಸು ಒಯ್ದೈತ್ರಿ. ಪೂಜಾ ಆಗೂತನಕ ನಾ ನೀರೂ ಮುಟ್ಟಂಗಿಲ್ಲ.”

ನಾನು ರಿಬ್ಬನ್‌ಗೆ ಕೈ ಹಾಕಿದೆ. ಗಂಟು ಬಿಚ್ಚಲಾಗಲಿಲ್ಲ; ಅವರೇ ಬಿಚ್ಚಿಕೊಂಡರು. ಕೈಕಾಲು ತೊಳೆದು ಬಂದು ಮರದ ಬುಡದಲ್ಲೇ ಕುಳಿತು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿದರು. ಆಮೇಲೆ ಒಂದು ಲೋಟ ನೀರು ಕುಡಿದರು. ನಾನು ಚಮಕಿ ಕೆರೆಯಲು ಹೋದರೆ ತಡೆದರು.

“ಇರಲಿ ಬಿಡ್ರಿ. ನಮ್ಮಾಕಿ ಹುಣಸಿಹಣ್ಣು ಹಚ್ಚಿ ಎಷ್ಟು ತಿಕ್ಕಿದ್ರೂ ಇಷ್ಟು ಹೊಳದಿರಲಿಲ್ಲ.”

ಈಗ ಮಕ್ಕಳು ಏನೇ ತಂದರೂ ಮೊದಲು ಅಲ್ಲಾಡಿಸಿ ನೋಡುತ್ತೇನೆ. ಅಲುಗಿದರೆ, ಮನೆಯಲ್ಲಿ ಅಜ್ಜನ ನಾಷ್ಟಾ ಆಗಿದೆಯೇ ಎಂದು ಕೇಳುತ್ತೇನೆ.